ಸ್ಥಿತಿಕರಣ: ವ್ಯಸನಪೀಡಿತರ ಮನೆಯವರಿಗೊಂದು ಪಾಠ

ಮದ್ಯಪಾನವು ಸಪ್ತವ್ಯಸನಗಳಲ್ಲಿ ಒಂದೆಂದೂ, ಮದ್ಯ-ಮಾಂಸ-ಮಧುಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿದುದೆಂದೂ ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆದುದರಿಂದಲೇ ನಮ್ಮಲ್ಲಿ ಒಬ್ಬ ಮಗನೋ ಪತಿಯೋ ಕುಡಿತಕ್ಕೆ ವಶನಾದಾಗ ಮನೆಯವರ ದುಃಖ ಇಮ್ಮಡಿಯಾಗುತ್ತದೆ. ವ್ಯಸನದಿಂದ ಬಂದ ಸಂಕಟ ಒಂದು. ಬಸದಿಗೆ ಬರುವ ನಾಲ್ವರಿಗೆ ತಿಳಿದೀತೆಂಬ ಲಜ್ಜೆ ಇನ್ನೊಂದು. ಈ ಪಾಠವು ಕುಡಿಯುವವನಿಗೆ ಹೇಳುವ ಬುದ್ಧಿವಾದವಲ್ಲ. ಅವನೊಡನೆ ಬಾಳುತ್ತಿರುವ ತಾಯಿ, ಪತ್ನಿ, ಸೋದರರು ಮಾಡಬೇಕಾದುದೇನು ಎಂಬುದೇ ಇದರ ವಿಷಯ.

೧. ಉಪಗೂಹನದ ನಿಜವಾದ ಅರ್ಥ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವು ಐದನೆಯದು, ಸ್ಥಿತಿಕರಣವು ಆರನೆಯದು. ಅಜ್ಞರ ಹಾಗೂ ಅಶಕ್ತರ ದೋಷದಿಂದ ಧರ್ಮಮಾರ್ಗಕ್ಕೆ ಅಪವಾದ ತಟ್ಟದಂತೆ ಕಾಯುವುದು ಉಪಗೂಹನ. ಇದನ್ನು ಅನೇಕರು ತಪ್ಪಾಗಿ ತಿಳಿದಿದ್ದಾರೆ. ಗಂಡನು ಕೆಲಸಕ್ಕೆ ಹೋಗದ ದಿನ ‘ಜ್ವರ ಬಂದಿದೆ’ ಎಂದು ಹೇಳಿ ಕಳುಹಿಸುವುದು, ಗಡಂಗಿನ ಸಾಲವನ್ನು ಗುಟ್ಟಾಗಿ ತೀರಿಸುವುದು, ಕಟಪಾಡಿ-ಶಂಕರಪುರದ ಕಡೆಯಲ್ಲಿ ಹೆಂಗಸರು ಮಲ್ಲಿಗೆ ಕಟ್ಟಿ ಗಳಿಸಿದ ಹಣವನ್ನು ಜಗಳಕ್ಕೆ ಅಂಜಿ ಅವನ ಕೈಗಿಡುವುದು, ಇವೆಲ್ಲ ಮರ್ಯಾದೆಯನ್ನು ಉಳಿಸುವಂತೆ ತೋರಿದರೂ ವಾಸ್ತವದಲ್ಲಿ ವ್ಯಸನವನ್ನೇ ಪೋಷಿಸುತ್ತವೆ. ಬೀದಿಯಲ್ಲಿ ಅವನ ದೋಷವನ್ನು ಸಾರದಿರುವುದು ಉಪಗೂಹನ. ಆ ದೋಷದ ಫಲವು ಅವನಿಗೇ ತಟ್ಟದಂತೆ ಸುಳ್ಳಿನ ಗೋಡೆ ಕಟ್ಟುವುದು ಉಪಗೂಹನವಾಗಲಾರದು. ವೈದ್ಯರಲ್ಲಿಯೂ ವಿಶ್ವಾಸಪಾತ್ರರಾದ ಹಿರಿಯರಲ್ಲಿಯೂ ಸತ್ಯವನ್ನು ಹೇಳಿದರೆ ಧರ್ಮಕ್ಕೆ ಯಾವ ಲೋಪವೂ ಇಲ್ಲ.

೨. ವಾರಿಷೇಣನ ದೃಷ್ಟಾಂತ

ಮಾರ್ಗದಿಂದ ಜಾರುತ್ತಿರುವವನನ್ನು ಪುನಃ ಮಾರ್ಗದಲ್ಲಿ ನಿಲ್ಲಿಸುವುದೇ ಸ್ಥಿತಿಕರಣ. ಇದಕ್ಕೆ ನಮ್ಮ ಹಿರಿಯರು ಕೊಡುವ ದೃಷ್ಟಾಂತ ಶ್ರೇಣಿಕ ಮಹಾರಾಜನ ಪುತ್ರ ವಾರಿಷೇಣ ಮುನಿಯದು. ಬಾಲ್ಯದ ಗೆಳೆಯ ಪುಷ್ಪಡಾಲನು ದೀಕ್ಷೆ ಪಡೆದು ಹನ್ನೆರಡು ವರ್ಷಗಳಾದರೂ ಮನೆಯಲ್ಲಿ ಬಿಟ್ಟುಬಂದ ಹೆಂಡತಿಯನ್ನೇ ನೆನೆಯುತ್ತಿದ್ದನು. ವಾರಿಷೇಣನು ಅವನನ್ನು ನಿಂದಿಸಲಿಲ್ಲ, ಹೊರದೂಡಲಿಲ್ಲ, ಅವನ ಮನೋವಿಕಾರವನ್ನು ಕಾಣದಂತೆಯೂ ನಟಿಸಲಿಲ್ಲ. ಅರಮನೆಗೆ ಕರೆದೊಯ್ದು, ತಾನು ತೊರೆದ ಪತ್ನಿಯರನ್ನೂ ವೈಭವವನ್ನೂ ತೋರಿಸಿ, ಬೇಕಿದ್ದರೆ ಇವನ್ನು ಸ್ವೀಕರಿಸು ಎಂದನು. ಪುಷ್ಪಡಾಲನು ತನ್ನ ಸ್ಥಿತಿಯನ್ನು ತಾನೇ ಕಂಡು ನಾಚಿದನು, ಅಂದಿನಿಂದ ಸ್ಥಿರಚಿತ್ತನಾದನು. ದೀರ್ಘವಾದ ಸಹನೆ, ಮುಚ್ಚುಮರೆಯಿಲ್ಲದ ಮಾತು, ಕೊನೆಯ ನಿರ್ಧಾರವನ್ನು ಅವನಿಗೇ ಬಿಡುವುದು, ಈ ಮೂರನ್ನು ವ್ಯಸನಿಯ ಮನೆಯವರು ಇಲ್ಲಿಂದ ಕಲಿಯಬೇಕು. ಮಾತನಾಡಲು ಅವನು ಕುಡಿದಿರುವ ರಾತ್ರಿ ತಕ್ಕ ಸಮಯವಲ್ಲ. ಅಮಲಿಳಿದ ಬೆಳಗು ತಕ್ಕದ್ದು.

೩. ಒಬ್ಬರ ವ್ರತ ಮತ್ತೊಬ್ಬರದಾಗದು

ಪತಿಯ ಕುಡಿತ ಬಿಡಲೆಂದು ಸಾಲುಸಾಲಾಗಿ ಉಪವಾಸ ಮಾಡಿ ದೇಹವನ್ನು ಬಳಲಿಸುವ ಶ್ರಾವಿಕೆಯರಿದ್ದಾರೆ. ಅವರ ಭಕ್ತಿ ದೊಡ್ಡದು. ಆದರೆ ಜೀವನು ತಾನು ಮಾಡಿದ ಕರ್ಮದ ಫಲವನ್ನು ತಾನೇ ಉಣ್ಣುವನೆಂಬುದು ನಮ್ಮ ಸಿದ್ಧಾಂತದ ತಳಹದಿ. ಆಕೆಯ ಉಪವಾಸವು ಆಕೆಯ ಮನಸ್ಸಿಗೆ ಸ್ಥೈರ್ಯವನ್ನು ಕೊಟ್ಟೀತು. ಆತನ ತ್ಯಾಗವನ್ನು ಆತನೇ ಮಾಡಬೇಕು. ಇದನ್ನು ಮನಗಂಡರೆ ‘ನನ್ನ ವ್ರತದಲ್ಲಿಯೇ ಕೊರತೆಯಿತ್ತು’ ಎಂಬ ವೃಥಾ ಪಶ್ಚಾತ್ತಾಪದಿಂದ ಆಕೆ ಪಾರಾಗುವಳು. ಅಮೆರಿಕದಲ್ಲಿ ಕುಡುಕರ ಮನೆಯವರೇ ಸೇರಿ 1951ರಲ್ಲಿ ‘ಅಲ್-ಅನಾನ್’ ಎಂಬ ಕೂಟವನ್ನು ಕಟ್ಟಿಕೊಂಡರು. ಮನೆಯವರು ಈ ರೋಗಕ್ಕೆ ಕಾರಣರಲ್ಲ, ಅದನ್ನು ಗುಣಪಡಿಸುವ ಶಕ್ತಿಯೂ ಅವರ ಕೈಯಲ್ಲಿಲ್ಲ ಎಂಬುದನ್ನೇ ಅಲ್ಲಿಯೂ ಮೊದಲು ಕಲಿಸುತ್ತಾರೆ.

೪. ಉಪವಾಸದ ವಿಷಯದಲ್ಲಿ ಎಚ್ಚರಿಕೆ

ವ್ರತನಿಷ್ಠರಾದ ಮನೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ವರ್ಷಗಟ್ಟಲೆ ನಿತ್ಯವೂ ಬಹಳವಾಗಿ ಕುಡಿದವನು ಪರ್ವದ ದಿನ ಸಂಕಲ್ಪ ಮಾಡಿ ಒಮ್ಮೆಗೇ ಕುಡಿತವನ್ನು ನಿಲ್ಲಿಸಿದರೆ, ಒಂದು ದಿನದೊಳಗೇ ಕೈನಡುಕ, ಬೆವರು, ನಿದ್ರಾಹೀನತೆ ತೋರಬಹುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಅಪಸ್ಮಾರದಂತಹ ಸೆಳೆತ ಬರುವುದುಂಟು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಬುದ್ಧಿಭ್ರಮಣೆಯಾಗಿ ಇಲ್ಲದ್ದನ್ನು ಕಾಣುವ, ಇಲ್ಲದ್ದನ್ನು ಕೇಳುವ ಸ್ಥಿತಿ ಒದಗಿದರೆ ಪ್ರಾಣಕ್ಕೇ ಅಪಾಯ. ಕುಡುಕನ ಶರೀರದಲ್ಲಿ ಬಿ-1 ಜೀವಸತ್ವದ ಕೊರತೆ ಸಾಮಾನ್ಯವಾದುದರಿಂದ ಅದೇ ದಿನಗಳಲ್ಲಿ ನಿರಾಹಾರವೂ ಸೇರಿದರೆ ಹಾನಿ ಹೆಚ್ಚು. ಆದುದರಿಂದ ತ್ಯಾಗವು ವೈದ್ಯರ ನಿಗಾದಲ್ಲಿ ಆರಂಭವಾಗಲಿ. ಉಪವಾಸವು ಶರೀರ ಚೇತರಿಸಿಕೊಂಡ ಮೇಲೆ ಬರಲಿ.

ಕಾಲಮಿತಿಯುಳ್ಳ ತ್ಯಾಗಕ್ಕೆ ನಿಯಮವೆಂದೂ, ಯಾವಜ್ಜೀವ ತ್ಯಾಗಕ್ಕೆ ಯಮವೆಂದೂ ಹೆಸರು. ಮದ್ಯತ್ಯಾಗದ ಗುರಿ ಯಮವೇ ಆದರೂ, ದುರ್ಬಲನಾದವನು ‘ಇಂದು ಮುಟ್ಟೆನು’ ಎಂಬ ನಿಯಮದಿಂದ ದಿನದಿನವೂ ಮುಂದುವರಿಯಬಹುದು. ನಡುವೆ ಜಾರಿದರೆ ಪ್ರಾಯಶ್ಚಿತ್ತಪೂರ್ವಕವಾಗಿ ಮತ್ತೆ ಸ್ವೀಕರಿಸುವ ದಾರಿ ತೆರೆದಿದೆ. ಒಂದು ಸಲ ಜಾರಿದೊಡನೆ ‘ಇವನ ಹಣೆಬರಹವೇ ಇಷ್ಟು’ ಎಂದು ಮನೆಯವರು ಕೈಚೆಲ್ಲಬಾರದು.

೫. ನೆರವು ದೊರೆಯುವ ಎಡೆಗಳು

ಕರ್ನಾಟಕದಲ್ಲಿ 2007ರ ಜುಲೈಯಿಂದ ಸಾರಾಯಿ ನಿಷೇಧವಾಯಿತು, ಕುಡಿತ ನಿಲ್ಲಲಿಲ್ಲ. ಕೇವಲ ನಿಷೇಧದಿಂದ ರೋಗ ಗುಣವಾಗದೆಂಬುದಕ್ಕೆ ಇದೇ ಸಾಕ್ಷಿ. ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ಊರೂರಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರೇ ಸೇರುವ ನವಜೀವನ ಸಮಿತಿಗಳು ಒಬ್ಬರಿಗೊಬ್ಬರು ಆಸರೆಯಾಗುತ್ತವೆ. ಇದು ಸ್ಥಿತಿಕರಣದ ಪ್ರತ್ಯಕ್ಷ ರೂಪವೇ ಸರಿ. ಕಟಪಾಡಿ, ಕಾಪು ಕಡೆಯವರಿಗೆ ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ. ವಿ. ಬಾಳಿಗಾ ಆಸ್ಪತ್ರೆ, ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗಳು ಸಮೀಪದಲ್ಲಿವೆ. ವ್ಯಸನಮುಕ್ತಿಗಾಗಿ 14446, ಮಾನಸಿಕ ನೆರವಿಗಾಗಿ 14416 ಸಂಖ್ಯೆಗಳಿಗೆ ಶುಲ್ಕವಿಲ್ಲದೆ ದೂರವಾಣಿ ಮಾಡಬಹುದು. ರೋಗಿಯು ಬರಲೊಪ್ಪದಿದ್ದರೆ ಮನೆಯವರೇ ಮೊದಲು ಹೋಗಿ ಸಲಹೆ ಪಡೆಯಬಹುದು.

ಹೊಡೆತ ಬಡಿತಗಳನ್ನು ಸಹಿಸುವುದು ಕ್ಷಮಾಧರ್ಮವೆಂದು ಯಾವ ಸೊಸೆಗೂ ಬೋಧಿಸಬಾರದು. ತನ್ನನ್ನೂ ಮಕ್ಕಳನ್ನೂ ರಕ್ಷಿಸಿಕೊಳ್ಳುವುದು ಅಹಿಂಸೆಯ ಪಾಲನೆಯೇ. ಅಂತಹ ಸಮಯದಲ್ಲಿ ಮಹಿಳಾ ಸಹಾಯವಾಣಿ 181ಕ್ಕೆ ತಿಳಿಸುವುದಾಗಲಿ, ತವರಿಗೆ ತೆರಳುವುದಾಗಲಿ ದೋಷವಲ್ಲ.

೬. ನೆರೆಹೊರೆಯ ಶ್ರಾವಕರಿಗೆ

ಅಂತಹ ಮನೆಯವರನ್ನು ಪೂಜೆಗೆ, ಮಂಗಳಕಾರ್ಯಗಳಿಗೆ ಎಂದಿನಂತೆ ಕರೆಯಿರಿ. ಹಣದ ನೆರವನ್ನು ಕೈಗೆ ಕೊಡುವುದರ ಬದಲು ಮಕ್ಕಳ ಶಾಲೆಯ ಶುಲ್ಕಕ್ಕೆ, ದಿನಸಿಗೆ ನೇರವಾಗಿ ಸಲ್ಲಿಸಿರಿ. ಆಸ್ಪತ್ರೆಗೆ ಹೋಗುವ ದಿನ ಒಬ್ಬರು ಜೊತೆಗೂಡಿರಿ. ಶಿಬಿರದಿಂದ ಮರಳಿದವನನ್ನು ಹಳೆಯ ಹೆಸರಿನಿಂದ ಹಂಗಿಸದಿರಿ. ಸ್ಥಿತಿಕರಣದ ಅನಂತರ ಬರುವ ಅಂಗವು ವಾತ್ಸಲ್ಯವೆಂಬುದು ನೆನಪಿನಲ್ಲಿರಲಿ.

ಮನನಕ್ಕೆ ಪ್ರಶ್ನೆಗಳು

1. ಉಪಗೂಹನಕ್ಕೂ ಸುಳ್ಳು ಹೇಳಿ ಮರೆಮಾಚುವುದಕ್ಕೂ ಇರುವ ವ್ಯತ್ಯಾಸವೇನು?
2. ಬಹುಕಾಲ ಕುಡಿದವನು ಮದ್ಯತ್ಯಾಗವನ್ನೂ ಉಪವಾಸವನ್ನೂ ಒಮ್ಮೆಗೇ ಏಕೆ ಕೈಗೊಳ್ಳಬಾರದು?
3. ನಿಯಮ, ಯಮಗಳ ಭೇದವನ್ನು ತಿಳಿಸಿರಿ.
4. ನಿಮ್ಮ ಊರಿನಲ್ಲಿ ಇಂತಹ ಒಂದು ಮನೆಗೆ ಈ ವಾರ ನೀವು ಮಾಡಬಹುದಾದ ನೆರವು ಯಾವುದು?