ನಿಮ್ಮ ಮೇಲೆ ಯಾರ ಮುದ್ರೆ ಇದೆ?

ವಾಕ್ಯಭಾಗ: ಮಾರ್ಕ 12:13-17; ಆದಿಕಾಂಡ 1:27

ರೋಮನ್ ನಾಣ್ಯ ಸಂಗ್ರಹಿಸುವವರು ತಿಬೇರಿಯ ಕೈಸರನ ಬೆಳ್ಳಿ ದೆನಾರಿಯಸ್‌ಗೆ ‘ಟ್ರಿಬ್ಯೂಟ್ ಪೆನ್ನಿ’ ಅಂತಾರೆ. ಯೇಸು ಸ್ವಾಮಿಗೆ ತಂದು ತೋರಿಸಿದ್ದು ಇದೇ ಅಂತ ಬಹಳ ಜನರ ಅಭಿಪ್ರಾಯ. ತೂಕ ನಾಲ್ಕು ಗ್ರಾಂಗೂ ಕಡಿಮೆ. ಮತ್ತಾಯ 20ರ ದ್ರಾಕ್ಷೇತೋಟದ ಆಳಿಗೆ ಒಂದು ದಿನದ ಕೂಲಿ. 1891ರಲ್ಲಿ ನಮ್ಮ ಬೆಂಗಳೂರಿನ ಯಶವಂತಪುರದ ಹತ್ತಿರವೂ ತಿಬೇರಿಯನ ದೆನಾರಿಯಸ್‌ಗಳು ಸಿಕ್ಕಿವೆ!

ಅದರ ಮೇಲೆ ಏನು ಬರೆದಿದೆ ಗೊತ್ತಾ? ತಿಬೇರಿಯನು ದೈವವಾದ ಔಗುಸ್ತನ ಮಗ ಅಂತ. ಆದರೆ ಅದನ್ನು ನೋಡುತ್ತಾ ನಿಂತಿದ್ದವನು ನಿಜವಾದ ದೇವಕುಮಾರನು. ಹಲ್ಲೆಲೂಯಾ!

ನಾಣ್ಯದಲ್ಲಿ ಕೈಸರನ ಮುಖ ಇದೆ, ಅದು ಕೈಸರನಿಗೆ ಹೋಗಲಿ. ದೇವರ ಸ್ವರೂಪ ಎಲ್ಲಿದೆ? ನಿಮ್ಮಲ್ಲಿ!

ಅದಕ್ಕೇ ನಾನು ಹೇಳ್ತೀನಿ: ಟ್ಯಾಕ್ಸ್ ಸರಿಯಾಗಿ ಕಟ್ಟಿ, ಆಫೀಸಲ್ಲಿ ನಿಯತ್ತಾಗಿ ದುಡೀರಿ. ಆದರೆ ನಿಮ್ಮನ್ನೇ ಕಂಪನಿಗೆ ಬರೆದುಕೊಡಬೇಡಿ.

“ಪಾಸ್ಟರ್, ನಾನು ಪೂರ್ತಿ ಸವೆದುಹೋಗಿದ್ದೀನಿ” ಅಂತೀರಾ? ಎರಡು ಸಾವಿರ ವರ್ಷದ ಸವೆದ ನಾಣ್ಯದಲ್ಲೂ ಉಳಿದ ನಾಲ್ಕು ಅಕ್ಷರ, ಮೂಗಿನ ಒಂದು ಗೆರೆ ನೋಡಿ, ಇದು ಯಾರದು ಅಂತ ಸಂಗ್ರಹಕಾರರು ಹೇಳಿಬಿಡ್ತಾರೆ. ನಿಮ್ಮನ್ನು ಉಂಟುಮಾಡಿದವನಿಗೆ ನಿಮ್ಮ ಗುರುತು ಸಿಗಲ್ವಾ? ಇದ್ದ ಹಾಗೇ ಆತನ ಕೈಗೆ ಒಪ್ಪಿಸಿಕೊಡಿ. ಆಮೆನ್.