ಸ್ವಯಂಚಾಲಿತ ಕೈಪಿಡಿಯ ಪಾಠ: ತಪ್ಪಿದ 40 ರೂಪಾಯಿ

ಘಟಕ: ಮುಕ್ತ ತಂತ್ರಾಂಶ ಲೈಬ್ರರಿಗೆ ತಾನಾಗಿ ಸಿದ್ಧವಾಗುವ ಕೈಪಿಡಿ. ಪೂರ್ವಜ್ಞಾನ: ಪೈಥಾನ್ ಫಂಕ್ಷನ್.

ಬನಹಟ್ಟಿಯ ಸಹಪಾಠಿಗಳಿಗೆ ಮಗ್ಗದ ಲೆಕ್ಕ ಹೊಸದಲ್ಲ. ಆದ್ದರಿಂದ ಸೂಕ್ಷ್ಮ ಬೋಧನೆಗೆ ‘ಮಜೂರಿ’ ಫಂಕ್ಷನ್ ಆರಿಸಿಕೊಂಡೆ. ಸೀರೆಗಳ ಸಂಖ್ಯೆ ಕೊಟ್ಟರೆ ನೇಕಾರರ ಕೂಲಿ ಬರುತ್ತದೆ. ಸೀರೆಗೆ 100 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡೆವು.

ಫಂಕ್ಷನ್ನಿನ ತಲೆಸಾಲಿನ ಕೆಳಗೆ, ಮೂರು ಮೂರು ಉದ್ಧರಣ ಚಿಹ್ನೆಗಳ ನಡುವೆ ವಿವರಣೆ ಬರೆದೆವು: ಏನು ಕೊಡಬೇಕು, ಏನು ಬರುತ್ತದೆ, ಒಂದು ಉದಾಹರಣೆ, 4 ಸೀರೆಗೆ 400. ಇದೇ ಡಾಕ್‌ಸ್ಟ್ರಿಂಗ್. ಗೆಯೋರ್ಗ್ ಬ್ರಾಂಡ್ಲ್ 2008ರಲ್ಲಿ ಹೊರತಂದ ಸ್ಫಿಂಕ್ಸ್‌ನಲ್ಲಿ ಆಟೋಡಾಕ್ ಎಂಬ ವಿಸ್ತರಣೆಯಿದೆ. ಕಾನ್ಫ್ ಕಡತದಲ್ಲಿ ಅದರ ಹೆಸರನ್ನೂ ಲೈಬ್ರರಿ ಇರುವ ಜಾಗವನ್ನೂ, ಪುಟದಲ್ಲಿ ಮೆಂಬರ್ಸ್ ಆಯ್ಕೆಯೊಡನೆ ಆಟೋಮಾಡ್ಯೂಲ್ ಸಾಲನ್ನೂ ಬರೆದರೆ ಡಾಕ್‌ಸ್ಟ್ರಿಂಗ್ ಎತ್ತಿಕೊಂಡು ಪುಟ ಕಟ್ಟುತ್ತದೆ.

ಪುಟ ಮೂಡಿದಾಗ ಎಲ್ಲರಿಗೂ ಖುಷಿ. ಕೋಡ್ ಬದಲಾದರೆ ಕೈಪಿಡಿಯೂ ಬದಲಾಗುತ್ತದೆ ಎಂದು ತೋರಿಸಲು ದರವನ್ನು 110 ಮಾಡಿ ಮತ್ತೆ ಕಟ್ಟಿಸಿದೆ. ತಲೆಸಾಲಿನಲ್ಲಿ 110 ಬಂತು. ಉದಾಹರಣೆಯಲ್ಲಿ 400 ಹಾಗೇ ಉಳಿಯಿತು.

“ಉಳದ 40 ರೂಪಾಯಿ ಯಾರು ಕೊಡತಾರ್ರಿ?” ಎಂದರು ಒಬ್ಬರು.

ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ, ಇರಬೇಕಾಗಿದ್ದದ್ದು ಇದೇ. ಆಟೋಡಾಕ್ ನಾವು ಬರೆದದ್ದನ್ನು ಸಾಗಿಸುತ್ತದೆ, ಲೆಕ್ಕ ನೋಡುವುದಿಲ್ಲ. ಅದಕ್ಕೆ ಪೈಥಾನ್ ಜೊತೆಗೇ ಬರುವ ಡಾಕ್‌ಟೆಸ್ಟ್ ಬೇಕು. ಡಾಕ್‌ಸ್ಟ್ರಿಂಗ್‌ನೊಳಗಿನ ಉದಾಹರಣೆಯನ್ನು ಮೂರು ಬಾಣದ ಗುರುತು ಹಾಕಿ ಬರೆದು ಓಡಿಸಿದೆವು. ನಿರೀಕ್ಷೆ 400, ಬಂದದ್ದು 440 ಎಂದು ತೋರಿಸಿತು.

ಅಷ್ಟರಲ್ಲಿ ಅವಧಿ ಮುಗಿದಿತ್ತು. ಮರುಬೋಧನೆಯ ಯೋಜನೆಯಲ್ಲಿ ಡಾಕ್‌ಟೆಸ್ಟನ್ನು ಮುಂದಕ್ಕೆ ತಂದಿದ್ದೇನೆ. ಅದು ಪಾಸಾದ ಮೇಲೆಯೇ ಪುಟ ಕಟ್ಟುವುದು.