ಮೊದಲು ಕರೆಂಟ್ ಬಿಲ್, ಆಮೇಲೆ ಮೈನಿಂಗ್ ಮಷೀನ್

ಮನೆಯಲ್ಲಿ ಬಿಟ್‌ಕಾಯಿನ್ ಮೈನಿಂಗ್ ಶುರು ಮಾಡ್ತೀನಿ ಅಂತ ಬರುವವರ ಹತ್ತಿರ ನಾನು ಮೊದಲು ಕೇಳುವುದು ಕರೆಂಟ್ ಬಿಲ್. ಯಾವ ಮಷೀನ್, ಯಾವ ಪೂಲ್ ಅನ್ನುವುದು ಆಮೇಲಿನ ಮಾತು. ಬೆಲೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದು ಅದಕ್ಕೂ ಆಮೇಲಿನದು.

2021ರಲ್ಲಿ ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಎಥೀರಿಯಂ ಮೈನಿಂಗ್ ರಿಗ್ ಓಡುತ್ತಿತ್ತು. ಆರು ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡು, ಎಲ್ಲವೂ 8 ಜಿಬಿಯವು. 4 ಜಿಬಿ ಕಾರ್ಡುಗಳು 2020ರ ಕೊನೆಗೇ ಮೂಲೆ ಸೇರಿದ್ದವು. ಮೈನಿಂಗ್‌ಗೆ ಬೇಕಾದ ಡ್ಯಾಗ್ ಕಡತ ಅಷ್ಟರ ಹೊತ್ತಿಗೆ ಅವುಗಳ ಮೆಮೊರಿಗೆ ಹಿಡಿಸದಷ್ಟು ಬೆಳೆದಿತ್ತು. ವೋಲ್ಟೇಜ್ ಇಳಿಸಿ, ಮೆಮೊರಿಯ ವೇಗ ಏರಿಸಿ ಹದಕ್ಕೆ ತಂದ ಮೇಲೆ ಒಂದೊಂದು ಕಾರ್ಡು ಸೆಕೆಂಡಿಗೆ ಸುಮಾರು 30 ಮೆಗಾಹ್ಯಾಶ್ ಕೊಡುತ್ತಿತ್ತು. ಆ ದಿನಗಳಲ್ಲಿ ಕಾರ್ಡುಗಳನ್ನು ಬೋರ್ಡಿಗೆ ಜೋಡಿಸುವ ರೈಸರ್‌ಗಳಿಗೆ ಹಲವರು ಸಾಟಾ ಕೇಬಲ್‌ನಿಂದ ಕರೆಂಟ್ ಕೊಡುತ್ತಿದ್ದರು. ಆ ಕನೆಕ್ಟರ್ ತಾಳುವುದು 54 ವ್ಯಾಟ್, ರೈಸರ್ ಮೂಲಕ ಕಾರ್ಡು ಎಳೆಯಬಲ್ಲದ್ದು 75 ವ್ಯಾಟ್. ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತಲು ಇಷ್ಟು ಸಾಕು. ಇವತ್ತಿಗೂ ಯಾರಾದರೂ ರಿಗ್ ಕಟ್ಟುತ್ತಿದ್ದರೆ ದಯವಿಟ್ಟು ಆರು ಪಿನ್ನಿನ ಕೇಬಲ್ಲನ್ನೇ ಬಳಸಲಿ.

ಆ ರಿಗ್ ಹಾಕಿದ ದುಡ್ಡನ್ನು ದುಡಿದುಕೊಟ್ಟಿತು. ಆಮೇಲೆ, 2022ರ ಸೆಪ್ಟೆಂಬರ್ 15ರಂದು, ಎಥೀರಿಯಂ ಮೈನಿಂಗನ್ನೇ ಬಿಟ್ಟು, ನಾಣ್ಯ ಒತ್ತೆಯಿಡುವ ಸ್ಟೇಕಿಂಗ್‌ಗೆ ಹೊರಳಿತು. ಲೋಕದ ತುಂಬ ಇದ್ದ ಅಂಥ ಕಾರ್ಡುಗಳಿಗೆ ಒಂದೇ ದಿನ ಕೆಲಸ ಹೋಯಿತು. ಈಗ ಮನೆಯಲ್ಲಿ ಮೈನಿಂಗ್ ಮಾಡುವವರು ಕಣ್ಣು ಹಾಕುವುದು ಬಿಟ್‌ಕಾಯಿನ್ ಮೇಲೆ, ಅದಕ್ಕೆಂದೇ ಮಾಡಿದ ಏಸಿಕ್ ಮಷೀನುಗಳ ಮೇಲೆ.

ಮೊನ್ನೆ ಹಾಸನದಿಂದ ಅಕ್ಕನ ಮಗ ಫೋನ್ ಮಾಡಿದ್ದ.

‘ಮಾವ, ಸೆಕೆಂಡ್‌ಹ್ಯಾಂಡ್ ಆಂಟ್‌ಮೈನರ್ ಎಸ್19 ಸಿಗ್ತಾ ಇದೆ. ತಗೊಳ್ಲಾ?’

‘ಮನೇಲಿ ಕರೆಂಟ್ ಬಿಲ್ ಎಷ್ಟು ಬರುತ್ತೋ?’

‘ಬರೋದೇ ಇಲ್ಲ. ಗೃಹಜ್ಯೋತಿ ಇದೆಯಲ್ಲ.’

ಅಲ್ಲಿಂದಲೇ ಲೆಕ್ಕ ಹಿಡಿದೆವು. 95 ಟೆರಾಹ್ಯಾಶ್‌ನ ಎಸ್19 ಎಳೆಯುವುದು 3,250 ವ್ಯಾಟ್. ನಿಲ್ಲಿಸದೆ ಓಡಿಸಿದರೆ ದಿನಕ್ಕೆ 78 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯನ್ನು ಮೂರನೆಯ ದಿನ ಮುಗಿಯುವ ಮುಂಚೆಯೇ ಅದು ದಾಟುತ್ತದೆ. ದಾಟಿದರೆ ಹೆಚ್ಚುವರಿಗಷ್ಟೇ ಅಲ್ಲ, ಇಡೀ ಬಿಲ್ಲಿಗೆ ಹಣ ಕಟ್ಟಬೇಕು. ತೆರಿಗೆ, ಸರ್‌ಚಾರ್ಜ್ ಸೇರಿ ಯೂನಿಟ್ಟಿಗೆ ಆರೂವರೆ ರೂಪಾಯಿ ಹಿಡಿದರೆ ದಿನಕ್ಕೆ ಸುಮಾರು 500 ರೂಪಾಯಿ, ತಿಂಗಳಿಗೆ 15,000.

ಇನ್ನು ಬರುವುದೆಷ್ಟು? ಹತ್ತು ನಿಮಿಷಕ್ಕೊಂದರಂತೆ ದಿನಕ್ಕೆ ಸುಮಾರು 144 ಬ್ಲಾಕ್. 2024ರ ಏಪ್ರಿಲ್‌ನ ಹಾಲ್ವಿಂಗ್‌ನಲ್ಲಿ ಪ್ರತಿಫಲ ಅರ್ಧಕ್ಕಿಳಿದ ಮೇಲೆ ಒಂದು ಬ್ಲಾಕಿಗೆ ಸಿಗುವುದು 3.125 ಬಿಟ್‌ಕಾಯಿನ್. ಇಡೀ ಜಗತ್ತಿನ ಮೈನರುಗಳು ಹಂಚಿಕೊಳ್ಳುವುದು ದಿನಕ್ಕೆ 450 ನಾಣ್ಯ. ಜಾಲದ ಒಟ್ಟು ಬಲ 600 ಎಕ್ಸಾಹ್ಯಾಶ್ ಅಂತಲೂ ನಾಣ್ಯಕ್ಕೆ 50 ಲಕ್ಷ ರೂಪಾಯಿ ಅಂತಲೂ ಇಟ್ಟುಕೊಂಡರೆ ಆ ಎಸ್19ರ ಪಾಲಿಗೆ ದಿನಕ್ಕೆ ಸುಮಾರು 355 ರೂಪಾಯಿ ಬರುತ್ತದೆ. 500 ಸುಟ್ಟು 355. ಬೆಲೆ ಏರಿದರೆ ಸರಿಹೋಗುತ್ತದಲ್ಲ ಅಂದ ಹುಡುಗ. ಬೆಲೆ ಏರಿದಾಗ ಎಲ್ಲರೂ ಹೊಸ ಮಷೀನ್ ಹಾಕುತ್ತಾರೆ, ಪ್ರತಿ 2,016 ಬ್ಲಾಕಿಗೊಮ್ಮೆ ಜಾಲ ತನ್ನ ಡಿಫಿಕಲ್ಟಿಯನ್ನು ಬಿಗಿ ಮಾಡಿಕೊಳ್ಳುತ್ತದೆ. ನಮ್ಮ ಪಾಲು ಕರಗುತ್ತ ಹೋಗುತ್ತದೆ.

ಎಸ್21ನಂಥ ಹೊಸ ಮಷೀನ್ ಹಾಕಿದರೆ? 200 ಟೆರಾಹ್ಯಾಶ್, 3,500 ವ್ಯಾಟ್. ಅದೇ ಲೆಕ್ಕದಲ್ಲಿ ಬರುವುದು 750, ಕರೆಂಟಿಗೆ ಹೋಗುವುದು 546. ದಿನಕ್ಕೆ ಇನ್ನೂರು ರೂಪಾಯಿ ಉಳಿಯಿತು ಅನ್ನಿಸುತ್ತದೆ. ನಮ್ಮಲ್ಲಿ ಬಹಳ ಜನ ಇಲ್ಲಿಗೇ ಲೆಕ್ಕ ನಿಲ್ಲಿಸಿ ಆರ್ಡರ್ ಮಾಡಿಬಿಡುತ್ತಾರೆ. ನನ್ನ ಕಳವಳವೆಲ್ಲ ಇದರ ಮುಂದಿನ ಸಾಲಿನ ಬಗ್ಗೆ.

2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಮಾರಿ ಬಂದ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಕಳೆದುಕೊಳ್ಳಲು ಬಿಡುವುದು ಕೊಂಡ ಬೆಲೆಯನ್ನು ಮಾತ್ರ, ಬೇರೆ ಯಾವ ಖರ್ಚನ್ನೂ ಅಲ್ಲ. ಮೈನಿಂಗ್‌ನ ಮೂಲಸೌಕರ್ಯಕ್ಕೆ ಮಾಡಿದ ವೆಚ್ಚ ಕೊಂಡ ಬೆಲೆ ಆಗುವುದಿಲ್ಲವೆಂದು ಹಣಕಾಸು ಸಚಿವಾಲಯ ಅದೇ ವರ್ಷದ ಮಾರ್ಚ್‌ನಲ್ಲಿ ಲೋಕಸಭೆಯಲ್ಲಿ ಹೇಳಿದೆ. ಅಂದರೆ ಮಷೀನಿನ ಬೆಲೆ, ಕರೆಂಟ್ ಬಿಲ್, ಪೂಲ್‌ನ ಫೀ, ಒಂದೂ ಲೆಕ್ಕಕ್ಕಿಲ್ಲ. 750 ರೂಪಾಯಿಗೂ ತೆರಿಗೆ ಬಿದ್ದು 234 ಹೋಗುತ್ತದೆ. ಇನ್ನೂರು ಉಳಿಯುತ್ತದೆ ಅಂದಿದ್ದ ಕಡೆ ಮೂವತ್ತು ರೂಪಾಯಿ ಕೈಯಿಂದ ಹಾಕಬೇಕಾಯಿತು, ಮಷೀನಿನ ದುಡ್ಡು ಇನ್ನೂ ಹಾಗೇ ಇದೆ. ಅದೇ 15,000 ರೂಪಾಯಿಯನ್ನು ತಿಂಗಳು ತಿಂಗಳು ಕೊಟ್ಟು ಬಿಟ್‌ಕಾಯಿನ್ ಕೊಂಡವನಿಗೆ ಮಾರುವಾಗ ಆ ಪೂರ್ತಿ 15,000ವನ್ನು ತೆರಿಗೆ ಲೆಕ್ಕದಿಂದ ಕಳೆಯುವ ಹಕ್ಕಿದೆ. ಅವನೂ ಬೆಲೆ ಬಿದ್ದರೆ ಕಳೆದುಕೊಳ್ಳುತ್ತಾನೆ, ಆ ನಷ್ಟವನ್ನು ಬೇರೆ ಆದಾಯಕ್ಕೆ ವಜಾ ಹಾಕಿಕೊಳ್ಳಲೂ ಆಗದು. ಆದರೂ ಮನೆಯಲ್ಲಿ ಮೈನಿಂಗ್ ಮಾಡುವವನಿಗಿಂತ ಅವನ ಸ್ಥಿತಿ ಎಷ್ಟೋ ಮೇಲು. ದುಡಿದು ಪಡೆದ ನಾಣ್ಯಕ್ಕೆ ದುಡಿಮೆಯ ಖರ್ಚನ್ನೇ ಒಪ್ಪದ ಈ ನಿಯಮ ಅನ್ಯಾಯದ್ದು ಅಂತಲೇ ನನ್ನ ಅಭಿಪ್ರಾಯ. ನಿಯಮ ಬದಲಾಗುವ ತನಕ ಲೆಕ್ಕ ಮಾತ್ರ ಇದೇ.

ಸೋಲಾರ್ ಹಾಕಿಸಿದರೆ ಆಗುವುದಿಲ್ಲವೇ ಅಂತ ಕೇಳುವವರಿದ್ದಾರೆ. ಮೂರು ಕಿಲೋವ್ಯಾಟ್‌ನ ಪ್ಯಾನಲ್‌ಗಳು ದಿನಕ್ಕೆ ಹನ್ನೆರಡು ಯೂನಿಟ್ ಕೊಡಬಹುದು, ಎಸ್19ಕ್ಕೆ ಬೇಕಾಗಿರುವುದು 78. ಭೂತಾನ್ ಸರ್ಕಾರ ತನ್ನ ಜಲವಿದ್ಯುತ್ತಿನಿಂದ ಮೈನಿಂಗ್ ಮಾಡುತ್ತಿದೆ. ಅಷ್ಟು ಅಗ್ಗದ ಕರೆಂಟಿನ ಎದುರು ನಮ್ಮ ಮನೆಯ ಮೀಟರ್ ನಿಲ್ಲಲಾರದು.

ಇಷ್ಟಾದರೂ ಕಲಿಯಬೇಕೆಂಬ ಆಸೆ ಇರುವವರನ್ನು ನಾನು ತಡೆಯುವುದಿಲ್ಲ. ಹಣದ ವ್ಯವಸ್ಥೆಯೊಂದು ಒಳಗೆ ಹೇಗೆ ನಡೆಯುತ್ತದೆ ಎನ್ನುವುದನ್ನು ಕೈಯಾರೆ ಮಾಡಿ ತಿಳಿಯುವ ಸುಖ ದೊಡ್ಡದು. ನನ್ನ ಮೇಜಿನ ಮೇಲೆ ಈಗಲೂ ಒಂದು ಬಿಟ್‌ಆಕ್ಸ್ ಇದೆ. ಅಂಗೈಯಗಲದ ಬೋರ್ಡು, ಸುಮಾರು 1.2 ಟೆರಾಹ್ಯಾಶ್, ಹದಿನೆಂಟು ವ್ಯಾಟ್‌ನಷ್ಟು ಕರೆಂಟ್. ತಿಂಗಳಿಗೆ ಹದಿಮೂರು ಯೂನಿಟ್ ಆಗುತ್ತದೆ.

ಪೂಲ್ ಆಯ್ಕೆಯನ್ನು ಕಲಿಯಲು ಇದೇ ಸಾಕು. ಪೂಲ್ ಏಕೆ ಬೇಕೆಂದರೆ, ಆ ಎಸ್19 ಒಂಟಿಯಾಗಿ ಓಡಿದರೆ ಒಂದು ಬ್ಲಾಕ್ ಸಿಗಲು ಸರಾಸರಿ 120 ವರ್ಷ ಬೇಕು. ಪೂಲ್‌ನಲ್ಲಿ ಸಾವಿರಾರು ಮಷೀನುಗಳು ಸೇರಿ ಹುಡುಕುತ್ತವೆ, ಸಿಕ್ಕಿದ್ದನ್ನು ಮಾಡಿದ ಕೆಲಸದ ಪ್ರಕಾರ ಹಂಚಿಕೊಳ್ಳುತ್ತವೆ. ಯಾರಿಗೂ ಪೂರ್ತಿ ಗಂಟಿಲ್ಲ, ಬರಿಗೈಯೂ ಇಲ್ಲ. ಈ ಪದ್ಧತಿಗೆ 2010ರಲ್ಲಿ ಜೆಕ್ ದೇಶದ ಸ್ಲಶ್ ಪೂಲ್ ನಾಂದಿ ಹಾಡಿತು, ಈಗ ಅದರ ಹೆಸರು ಬ್ರೇನ್ಸ್ ಪೂಲ್.

ಫೀ ಶೇ ಎಷ್ಟು ಅನ್ನುವುದಕ್ಕಿಂತ ಮೊದಲು ಹಂಚುವ ರೀತಿ ನೋಡಿ. ಎಫ್‌ಪಿಪಿಎಸ್ ಆದರೆ ಪೂಲ್‌ಗೆ ಬ್ಲಾಕ್ ಸಿಗಲಿ ಬಿಡಲಿ, ನೀವು ಕಳಿಸಿದ ಶೇರಿಗೆ, ಅಂದರೆ ಮಾಡಿದ ಕೆಲಸದ ಪುರಾವೆಗೆ, ದಿನಗೂಲಿಯಂತೆ ಹಣ ಬರುತ್ತದೆ; ಅದೃಷ್ಟದ ಹೊರೆಯನ್ನು ಪೂಲ್ ಹೊರುವುದರಿಂದ ಫೀ ಜಾಸ್ತಿ. ಪಿಪಿಎಲ್‌ಎನ್‌ಎಸ್‌ನಲ್ಲಿ ಬ್ಲಾಕ್ ಸಿಕ್ಕಾಗಷ್ಟೇ ಪಾಲು, ಅದೂ ಇತ್ತೀಚಿನ ಶೇರುಗಳಿಗೆ. ಪದೇ ಪದೇ ಕರೆಂಟ್ ಹೋಗುವ ಊರಿನವರಿಗೆ ಮೊದಲನೆಯದೇ ವಾಸಿ ಅನ್ನುವುದು ನನ್ನ ಅನುಭವ. ಕನಿಷ್ಠ ಪಾವತಿ ಎಷ್ಟು ಅಂತಲೂ ನೋಡಿ. ಚಿಕ್ಕ ಮೈನರಿನ ಗಳಿಕೆ ಆ ಮಿತಿ ಮುಟ್ಟದೆ ತಿಂಗಳುಗಟ್ಟಲೆ ಪೂಲ್‌ನಲ್ಲೇ ಕೂತಿರುತ್ತದೆ, ಅಷ್ಟು ದಿನ ಅದು ಬೇರೆಯವರ ಕೈಯಲ್ಲಿರುವ ನಮ್ಮ ಹಣ. ಸರ್ವರ್ ಸಿಂಗಪುರದಲ್ಲಿದ್ದರೆ ನಮಗೆ ಅನುಕೂಲ. ದೂರದ್ದಾದರೆ ತಡವಾಗಿ ಮುಟ್ಟಿದ ಶೇರುಗಳು ಸ್ಟೇಲ್ ಆಗಿ ದಂಡವಾಗುತ್ತವೆ. ಸೆಟ್ಟಿಂಗ್ ಪುಟದಲ್ಲಿ ಮೂರು ಪೂಲ್ ವಿಳಾಸಕ್ಕೆ ಜಾಗವಿದ್ದರೆ ಮೂರನ್ನೂ ತುಂಬಿ. ಅತಿ ದೊಡ್ಡ ಪೂಲ್‌ಗೆ ಮಾತ್ರ ನಾನು ಸೇರುವುದಿಲ್ಲ. 2014ರ ಜೂನ್‌ನಲ್ಲಿ ಜಿಹ್ಯಾಶ್ ಎಂಬ ಒಂದೇ ಪೂಲ್ ಜಾಲದ ಅರ್ಧಕ್ಕಿಂತ ಹೆಚ್ಚು ಬಲವನ್ನು ಕೆಲಕಾಲ ಕೈಯಲ್ಲಿಟ್ಟುಕೊಂಡಿತ್ತು; ಯಾರ ಹಿಡಿತಕ್ಕೂ ಸಿಗಬಾರದೆಂದು ಹುಟ್ಟಿದ ಹಣಕ್ಕೆ ಅದಕ್ಕಿಂತ ದೊಡ್ಡ ಅಪಾಯವಿಲ್ಲ.

ದೊಡ್ಡ ಮಷೀನ್ ಹಾಕಿಯೇ ತೀರುತ್ತೇನೆ ಅನ್ನುವವರಿಗೆ ಇನ್ನೆರಡು ಮಾತು. ಗೀಸರಿನ ಪಾಯಿಂಟಿಗೆ ಚುಚ್ಚಬೇಡಿ; ಗೀಸರ್ ಅರ್ಧ ಗಂಟೆ ಓಡುತ್ತದೆ, ಇದು ಇಪ್ಪತ್ನಾಲ್ಕು ಗಂಟೆ. ಎಲೆಕ್ಟ್ರಿಷಿಯನ್ ಕರೆಸಿ ಮೇನ್ ಬೋರ್ಡಿನಿಂದ ದಪ್ಪ ವೈರಿನ ಪ್ರತ್ಯೇಕ ಲೈನ್, ಅದಕ್ಕೊಂದು ಎಂಸಿಬಿ, ಸರಿಯಾದ ಅರ್ಥಿಂಗ್ ಹಾಕಿಸಿ. ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಎಸ್19ರ ಸದ್ದು 75 ಡೆಸಿಬೆಲ್, ಪಕ್ಕದ ಮನೆಯವರಿಗೂ ನಿದ್ದೆ ಬರುವುದಿಲ್ಲ.

ಅಕ್ಕನ ಮಗ ಎಸ್19 ಬಿಟ್ಟು ನನ್ನಂಥದೇ ಚಿಕ್ಕ ಬೋರ್ಡಿಗೆ ಆರ್ಡರ್ ಮಾಡಿದ್ದಾನೆ. ಅದು ಬಂದ ಮೇಲೆ ಅವನು ಮೊದಲು ಮಾಡಬೇಕಾದ್ದು ಒಂದು ನೋಟ್‌ಬುಕ್ ತೆರೆಯುವುದು. ಪೂಲ್‌ನಿಂದ ಪಾವತಿ ಬಂದ ತಾರೀಖು, ನಾಣ್ಯದ ಮೊತ್ತ, ಆ ದಿನದ ರೂಪಾಯಿ ಬೆಲೆ, ಮೂರೂ ಅದರಲ್ಲಿ ಇರಬೇಕು. ಜುಲೈನಲ್ಲಿ ಆಡಿಟರ್ ರಿಟರ್ನ್ಸ್ ತುಂಬಲು ಕೂತಾಗ ಕೇಳುವುದು ಅದನ್ನೇ.